ಹತ್ತು ದಿನ ಬಿಟ್ಟು ಬನ್ನಿ

ಟೈಲರ್ ಎಂದ ಮೇಲೆ ಬಟ್ಟೆ ತಡವಾಗುವುದು ಹೊಸದೇನಲ್ಲ. ಆದರೆ ತಡ ಮಾಡುವುದಕ್ಕೂ ಒಂದು ಯಂತ್ರ ತಂದಿಟ್ಟ ಗಂಡ ಇಡೀ ನರಸಿಂಹರಾಜಪುರದಲ್ಲಿ ತನಗೊಬ್ಬಳಿಗೇ ಸಿಕ್ಕಿದ್ದಾನೆ ಎಂಬುದು ಪ್ರೇಮಕ್ಕನ ಸಂಕಟ.

ಶಾಲೆಯ ಗುಮಾಸ್ತ ಸೋಮನಾಥ್ 2006ರ ಯುಗಾದಿ ಹೊತ್ತಿಗೆ ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ, ಹಳೆಯದೊಂದು ಕಂಪ್ಯೂಟರನ್ನು ಹೆಂಡತಿಯ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಪ್ರತಿಷ್ಠಾಪಿಸಿದ. ಅವಳ ಆರ್ಡರ್ ಪುಸ್ತಕ ಅಟ್ಟ ಸೇರಿತು. ಇನ್ನು ಗಿರಾಕಿಯ ಹೆಸರು ಒತ್ತಿದರೆ ಸಾಕು; ಬಟ್ಟೆ ಕೊಟ್ಟ ದಿನಕ್ಕೆ ಹತ್ತು ದಿನ ಕೂಡಿಸಿ, ಹೊಲಿದು ಕೊಡಬೇಕಾದ ದಿನವನ್ನು ತಾನು ಬರೆದ ಪ್ರೋಗ್ರಾಂ ಹೇಳುತ್ತದೆ ಎಂದ. (ಹತ್ತು ಕೂಡಿಸುವುದಕ್ಕೆ ಬೆರಳು ಸಾಲದೇ ಎಂದು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.)

ಪ್ರೇಮಕ್ಕ ದಿನಾ ಬೆಳಿಗ್ಗೆ ಪಟ್ಟಿ ನೋಡುತ್ತಿದ್ದಳು. ಇವತ್ತು ಕೊಡಬೇಕಾದದ್ದು ಎಂದು ಒಂದೂ ಇರುತ್ತಿರಲಿಲ್ಲ. ಆ ಭರವಸೆಯಲ್ಲಿ ಬಾಳೆಹೊನ್ನೂರಿನ ಅಕ್ಕನ ಮನೆಗೆ ಹೋಗಿ ನಾಲ್ಕು ದಿನ ಇದ್ದೂ ಬಂದಳು.

ತಮ್ಮನ ಮಗಳ ಮದುವೆಗೆಂದು ಕಮಲಕ್ಕ ಏಪ್ರಿಲ್ ಐದಕ್ಕೆ ಮೂರು ರವಿಕೆ ಕೊಟ್ಟಿದ್ದಳು. ಹದಿನೈದಕ್ಕೆ ಬಾ ಎಂದಿತು ಯಂತ್ರ. ಹದಿನೈದಕ್ಕೆ ಬಂದರೆ ಇಪ್ಪತ್ತೈದು ಎಂದಿತು. ಇಪ್ಪತ್ತೈದಕ್ಕೆ ಬಂದಾಗ ಸೋಮನಾಥ್ ಹೆಸರು ಒತ್ತಿ, ಕನ್ನಡಕ ಸರಿಮಾಡಿಕೊಂಡ.

"ಕೊಡುವ ದಿನ ಮೇ ಐದು. ನೀವು ಬಟ್ಟೆ ಕೊಟ್ಟಿದ್ದೂ ಮೇ ಐದು."

"ಹಂಗಾದ್ರೆ ನಾನಿನ್ನೂ ಬಟ್ಟೇನೇ ಕೊಟ್ಟಿಲ್ವಾ? ಮದುವೆ ಮೇ ಮೂರಕ್ಕೆ ಮಾರಾಯ್ರೆ," ಎಂದು ಕಮಲಕ್ಕ ಸೆರಗು ಕೊಡವಿ ಹೊರಟಳು.

ಪ್ರೇಮಕ್ಕ ಕತ್ತರಿ ಕೆಳಗಿಟ್ಟಳು. "ಎಂತ ಆಗಿದೆ ರೀ ಅದಕ್ಕೆ?"

ಅರ್ಧ ಗಂಟೆ ತಡಕಾಡಿ ಸೋಮನಾಥ್ ಹೇಳಿದ: "ಹತ್ತು ದಿನ ಕೂಡ್ಸು ಅಂದ್ರೆ ಅದು ಕೊಟ್ಟ ತಾರೀಕನ್ನೇ ಮುಂದೆ ತಳ್ಳಿ ಇಟ್ಕೊಳ್ತಿದೆ. ಮತ್ತೆ ಹೆಸರು ಒತ್ತಿದ್ರೆ ಮತ್ತೆ ಹತ್ತು."

"ಅಲ್ಲಾ ರೀ, ಅಳತೆಗೆ ಅಂತ ಕೊಟ್ಟ ರವಿಕೆಗೇ ನಾನು ಕತ್ತರಿ ಹಾಕ್ತೀನಾ? ಅದನ್ನ ಹಂಗೇ ಇಟ್ಟು, ಬೇರೆ ಬಟ್ಟೆ ಕತ್ತರಿಸ್ತೀನಿ. ಆ ತಾರೀಕಿಂದೂ ಒಂದು ನಕಲು ತೆಗ್ದು, ಕೂಡ್ಸೋದೆಲ್ಲ ನಕಲಿಗೇ ಕೂಡ್ಸಿ."

ಸೋಮನಾಥ್ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡ. ಮೂರು ತಿಂಗಳ ಕೋರ್ಸಿನಲ್ಲಿ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಭಾನುವಾರವಿಡೀ ಕೂತು ಪ್ರೋಗ್ರಾಂ ತಿದ್ದಿದ. ಬಟ್ಟೆ ಗಂಟುಗಳಿಗೆ ಪಿನ್ನು ಚುಚ್ಚಿದ್ದ ಚೀಟಿ ನೋಡಿ ನಿಜವಾದ ತಾರೀಕುಗಳನ್ನು ಮತ್ತೆ ತುಂಬಿಸಿದ. ಕಮಲಕ್ಕನ ಹೆಸರನ್ನು ಐದು ಸಲ ಒತ್ತಿದರೂ ಏಪ್ರಿಲ್ ಐದು ಅಲುಗಲಿಲ್ಲ. ಗಂಡನಿಗೇ ಪಾಠ ಹೇಳಿದ ಸಂಭ್ರಮದಲ್ಲಿ ಪ್ರೇಮಕ್ಕ ಪಕ್ಕದಂಗಡಿಯ ಫೋನಿನಿಂದ ಕಮಲಕ್ಕನಿಗೂ, ಕಾದು ಕಾದು ಬೈದುಹೋಗಿದ್ದ ಉಳಿದವರಿಗೂ ಹೇಳಿದಳು: "ಕಂಪ್ಯೂಟರ್ ಸರಿಯಾಗಿದೆ. ಬನ್ನಿ, ಇನ್ನು ಅದು ಹೇಳಿದ್ದೇ ದಿನ."

ಸೋಮವಾರ ಬೆಳಿಗ್ಗೆ ಎಂದಿನಂತೆ ಪಟ್ಟಿ ತೆರೆದಳು. ಕೊಡುವ ದಿನ ದಾಟಿದ ಬಟ್ಟೆ ಇಪ್ಪತ್ತಮೂರು. ಹೊಲಿದಿಟ್ಟದ್ದು ನಾಲ್ಕು, ಅದರಲ್ಲೂ ಎರಡಕ್ಕೆ ಹುಕ್ಕಿಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ಕಮಲಕ್ಕ, ಅವಳ ಹಿಂದೆ ಮೆಟ್ಟಿಲಿನುದ್ದಕ್ಕೂ ಹೆಂಗಸರು.

"ಕೂತ್ಕೊಳ್ಳಿ, ಕಾಫಿ ತರ್ತೀನಿ," ಎಂದು ಪ್ರೇಮಕ್ಕ ಒಳಗೋಡಿ, ಹೊರಗೆ ಹೊರಟಿದ್ದ ಗಂಡನ ಅಂಗಿ ಹಿಡಿದುಕೊಂಡಳು.

"ರೀ, ಅದನ್ನ ಮೊದಲಿನ ಹಂಗೇ ಮಾಡೋಕೆ ಎಷ್ಟು ಹೊತ್ತು ಬೇಕು?"