ಕ್ರಿಸ್ಮಸ್ ನಾಟಕಕ್ಕೊಬ್ಬಳು ಸೂಲಗಿತ್ತಿ

ನನಗೆ ನಾಟಕದ ಚಟ ಇದೆ. ಆಡುವ ಚಟವಲ್ಲ, ಆಡಿಸುವ ಚಟ. ಎರಡಕ್ಕೂ ಅಜಗಜಾಂತರ. ಆಡುವವನಿಗೆ ಜನರ ಭಯವಾದರೂ ಇರುತ್ತದೆ. ಆಡಿಸುವವನಿಗೆ ತಾನೇ ಬ್ರಹ್ಮ ಎಂಬ ಭ್ರಮೆ. ಅದರಲ್ಲೂ ಪಾತ್ರಧಾರಿಗಳೆಲ್ಲ ಐದನೇ ತರಗತಿಯ ಒಳಗಿನವರಾದರೆ ಕೇಳುವುದೇ ಬೇಡ. ನಿಲ್ಲು ಎಂದರೆ ನಿಲ್ಲುತ್ತಾರೆ, ಅಳು ಎಂದರೆ ಅಳುತ್ತಾರೆ, ಕೆಲವರು ಹೇಳದಿದ್ದರೂ ಅಳುತ್ತಾರೆ. ನನ್ನ ಮನೆಯಲ್ಲಿ ನನ್ನ ಮಾತಿಗೆ ಇಷ್ಟು ಬೆಲೆ ಯಾವತ್ತೂ ಸಿಕ್ಕಿದ್ದಿಲ್ಲ. ಹಾಗಾಗಿ ಮೂವತ್ತು ವರ್ಷಗಳಿಂದ ಪ್ರತಿ ಡಿಸೆಂಬರಿನಲ್ಲೂ ಕ್ರಿಸ್ತ ಜನನದ ನಾಟಕ ಆಡಿಸಿ ಆ ಕೊರತೆ ತುಂಬಿಕೊಳ್ಳುತ್ತ ಬಂದಿದ್ದೇನೆ.

ನಮ್ಮದು ಬೂದಿಕೋಟೆಯಿಂದ ಬಂಗಾರಪೇಟೆಗೆ ಹೋಗುವ ದಾರಿಯಲ್ಲಿರುವ ಪುಟ್ಟ ಮಿಶನ್ ಶಾಲೆ. ನಲವತ್ತಮೂರು ಮಕ್ಕಳು, ಇಬ್ಬರು ಟೀಚರಮ್ಮಂದಿರು, ಹೆಡ್‌ಮೇಷ್ಟ್ರು ನಾನು. ಆ ಊರಿನಲ್ಲಿ ಕ್ರೈಸ್ತರ ಮನೆ ಅಂತ ಇರುವುದು ನಮ್ಮದೊಂದೇ. ಮಿಕ್ಕವರೆಲ್ಲ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು, ಇಲ್ಲವೇ ಕೂಲಿಗೆ ಹೋಗುವವರು. ಆದರೆ ಕ್ರಿಸ್ಮಸ್ ಮಾತ್ರ ಇಡೀ ಊರಿನ ಹಬ್ಬ. ಯಾವ ಮಗುವಿಗೆ ಯಾವ ವೇಷ ಎಂಬ ಚರ್ಚೆ ನವೆಂಬರಿನಿಂದಲೇ ಡೈರಿಯ ಮುಂದೆ ಶುರುವಾಗುತ್ತದೆ. ಒಮ್ಮೆ ಒಬ್ಬ ಅಪ್ಪ ಖಾಲಿ ಹಾಲಿನ ಕ್ಯಾನು ಹಿಡಿದುಕೊಂಡೇ ನನ್ನ ಜೊತೆ ಜಗಳಕ್ಕೆ ಬಂದ. "ನಮ್ಮನೇಲಿ ನಾಕು ಸೀಮೆ ಅಸ ಅವೆ ಮೇಷ್ಟ್ರೇ. ನನ್ನ ಮಗನ್ನ ಓಗಿ ಓಗಿ ಕುರಿ ಮಾಡಿದ್ದೀರಲ್ಲ, ನಾಳೆ ನಾನು ಡೈರಿ ತಾವ ತಲೆ ಎತ್ಕಂಡು ನಿಂತ್ಕಳಾದು ಬ್ಯಾಡವಾ?" ಅವನ ಮಾತೂ ನ್ಯಾಯವೇ ಅನ್ನಿಸಿತು. ಮರುದಿನವೇ ಹುಡುಗನ ತಲೆಗೆ ರಟ್ಟಿನ ಕೊಂಬು ಕಟ್ಟಿ ಹಸುವಾಗಿ ಬಡ್ತಿ ಕೊಟ್ಟೆ.

ಇಷ್ಟೆಲ್ಲ ಮಾಡಿದರೂ ನನಗೆ ದಕ್ಕದೇ ಉಳಿದದ್ದು ಶೀಲ್ಡು. ನಮ್ಮ ಸುತ್ತಿನ ಏಳು ಮಿಶನ್ ಶಾಲೆಗಳ ನಾಟಕಗಳನ್ನು ತೀರ್ಪುಗಾರರೊಬ್ಬರು ಊರೂರಿಗೆ ಬಂದು ನೋಡಿ, ಒಂದು ಶಾಲೆಗೆ ಕೊಡುವ ಶೀಲ್ಡು ಅದು. ಅದು ಆಂಡರ್ಸನ್‌ಪೇಟೆಯ ಶಾಲೆಗೆ ಹೋಗಿ ಅಲ್ಲೇ ಬೇರು ಬಿಟ್ಟಿತ್ತು. ಹಿಂದಿನ ವರ್ಷ ನಮಗೆ ಬರುವುದರಲ್ಲಿತ್ತು. ಅಷ್ಟರಲ್ಲಿ ಒಬ್ಬ ತಾಯಿ ವೇದಿಕೆ ಹತ್ತಿ, ಸುವಾರ್ತೆ ಸಾರುತ್ತಿದ್ದ ದೇವದೂತನ ಮೂಗು ಒರೆಸಿ ಇಳಿದಳು. ತೀರ್ಪುಗಾರರು ತಮ್ಮ ಚೀಟಿಯಲ್ಲಿ "ರಂಗಶಿಸ್ತು ಇಲ್ಲ" ಎಂದು ಬರೆದರು. ಬರುವ ಮೇ ತಿಂಗಳಿಗೆ ನನಗೆ ನಿವೃತ್ತಿ. ಅಂದರೆ ಈ ಸಲದ್ದೇ ಕೊನೆಯ ಅವಕಾಶ. ಶೀಲ್ಡಿಲ್ಲದೆ ನಿವೃತ್ತನಾಗುವುದೆಂದರೆ ಉಪ್ಪಿಲ್ಲದ ಸಾರು ಉಂಡು ಎದ್ದ ಹಾಗೆ. ಅದಕ್ಕೇ ಈ ವರ್ಷ ಮನೆಮನೆಗೂ ಹೋಗಿ ಕೈಮುಗಿದು ಬಂದೆ: ಏನೇ ಆಗಲಿ, ಯಾರೂ ವೇದಿಕೆ ಹತ್ತಬೇಡಿ. ಎಲ್ಲರೂ ಆಗಲಿ ಎಂದರು. ಮುನಿವೆಂಕಟಮ್ಮನೂ ಆಗಲಿ ಎಂದಳು.

ಮುನಿವೆಂಕಟಮ್ಮ ನಮ್ಮೂರಿನ ಹಳೇ ಸೂಲಗಿತ್ತಿ. ನಮ್ಮ ಶಾಲೆಯ ಮಕ್ಕಳ ಅಪ್ಪಂದಿರಲ್ಲಿ ಅರ್ಧಕ್ಕರ್ಧ ಜನ ಮೊದಲು ಕಂಡದ್ದು ಅವಳ ಮುಖವನ್ನೇ. ಈ ಸಲ ಕ್ರಿಸ್ತನ ತಾಯಿ ಮರಿಯಳ ಪಾತ್ರ ಅವಳ ಮೊಮ್ಮಗಳು, ನಾಲ್ಕನೇ ತರಗತಿಯ ಚಂದ್ರಕಲಾಳದು. ಅಪಾಯದ ವಾಸನೆ ನನ್ನ ಮೂಗಿಗೆ ಆಗಲೇ ಬಡಿಯಬೇಕಿತ್ತು. ವಿನಾಶಕಾಲೇ ವಿಪರೀತ ಬುದ್ಧಿ.

ನಾಟಕ ಸಂಜೆ ನಾಲ್ಕಕ್ಕೆ ಶಾಲೆಯ ಅಂಗಳದಲ್ಲಿ ಶುರುವಾಯಿತು. ತೀರ್ಪುಗಾರರು ಕೆಜಿಎಫ್‌ನ ನಿವೃತ್ತ ಮೇಡಂ, ಬಹಳ ಶಿಸ್ತಿನವರು. ಮಡಿಲಲ್ಲಿ ಚೀಟಿ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲೇ ನನ್ನ ಹೆಂಡತಿ. ಕುರಿಗಳು ಕುರಿಗಳಂತೆ ಬಂದವು, ಹಸುಗಳು ಒಂದು ಕೈ ಹೆಚ್ಚೇ ಹಸುಗಳಂತೆ ಬಂದವು. ದೇವದೂತನ ಮೂಗು ಕೂಡ ಒಣಗಿತ್ತು. ಗೋದಲಿಯಲ್ಲಿ ಗೊಂಬೆ ಹುಟ್ಟಿತು. ಚಂದ್ರಕಲಾ ತೆಳು ನೀಲಿ ಸೆರಗು ಹೊದ್ದು ಬರೀ ನೆಲದ ಮೇಲೆ ಕೂತಿದ್ದಳು. ಆಗ ಡಿಸೆಂಬರಿನ ತಣ್ಣನೆ ಗಾಳಿ ಒಂದು ಸಲ ಬೀಸಿತು ನೋಡಿ, ಚಂದ್ರಕಲಾ ಸೀನಿದಳು.

"ಯಾರಪ್ಪಾ ಅದು ಅಸಿ ಬಾಣಂತೀನ ಗಾಳೀಗೆ ಕೂಡ್ಸಿರಾದು!" ಎಂದು ಜನರ ನಡುವಿನಿಂದ ಒಂದು ದನಿ ಎದ್ದಿತು. ನಾನು ಪರದೆಯ ಹಿಂದಿನಿಂದ ಕೈಮುಗಿದೆ, ಕಣ್ಣು ಬಿಟ್ಟೆ, ಹಲ್ಲು ಕಡಿದೆ. ಮುನಿವೆಂಕಟಮ್ಮ ಅಷ್ಟರಲ್ಲಿ ಬೆಂಚು ಹತ್ತಿ ವೇದಿಕೆಯ ಮೇಲಿದ್ದಳು. ತಾನು ಹೊದ್ದಿದ್ದ ಕಂಬಳಿಯನ್ನು ಮೊಮ್ಮಗಳಿಗೆ ಸುತ್ತಿದಳು. ಒಂದು ಕುರಿಯ ಮೈಯಿಂದ ಹತ್ತಿ ಕಿತ್ತು ಮರಿಯಳ ಎರಡೂ ಕಿವಿಗೆ ತುರುಕಿದಳು. ಆಮೇಲೆ ಕೋಲು ಹಿಡಿದು ಗಂಭೀರವಾಗಿ ನಿಂತಿದ್ದ ಯೋಸೇಫನ ಕಡೆ, ಅಂದರೆ ಐದನೇ ತರಗತಿಯ ನಾಗೇಶನ ಕಡೆ ತಿರುಗಿದಳು.

"ಏನ್ಲಾ, ಗಣೇಶನಂಗೆ ನಿಂತಿದೀಯಾ? ಎಂಡ್ರು ಎತ್ತವ್ಳೆ. ಓಗ್ಲಾ, ಬಿಸ್ನೀರು ತಗಂಬಾ!"

ಯೋಸೇಫ ಕೋಲು ಬಿಸಾಡಿ ಬಿಸಿಯೂಟದ ಅಡುಗೆಮನೆಗೆ ಓಡಿದ.

ಶೀಲ್ಡು ಹೋಯಿತು ಎಂದುಕೊಂಡೆ. ಅಳು ಬಂತು, ನಿಜವಾಗಿಯೂ ಬಂತು. ಅಷ್ಟರಲ್ಲಿ ಮೂಡಣದ ಮೂವರು ಜ್ಞಾನಿಗಳು ಕಾಣಿಕೆ ಹಿಡಿದು ಪ್ರವೇಶಿಸಿದರು. "ನಿಲ್ರಿ ಅಲ್ಲೇ! ದೂರದಿಂದ ಬಂದೋರು ಕಾಲು ತೊಳೀದೆ ಬಾಣಂತಿ ಕ್ವಾಣೆಗೆ ನುಗ್ತೀರಾ? ಏನ್ ತಂದಿದೀರಿ, ತೋರ್ಸಿ," ಎಂದು ಮುದುಕಿ ತಡೆದಳು. ಮೊದಲನೆಯವನು ನಡುಗುತ್ತ "ಚಿನ್ನ" ಎಂದ. "ಇರ್ಲಿ, ಅತ್ಲಾಗೆ ಇಕ್ಕು. ಅಸಿ ಬಾಣಂತಿ ಚಿನ್ನ ತಿಂತಾಳಾ?" ಎರಡನೆಯವನು "ಧೂಪ" ಎಂದ. "ಸಾಂಬ್ರಾಣಿನಾ? ಬೇಕು ಕಣಪ್ಪಾ, ಕೂಸಿಗೆ ನೀರು ಉಯ್ದ ಮ್ಯಾಲೆ ಒಗೆ ಆಕಾದಕ್ಕೆ." ಮೂರನೆಯವನು "ರಕ್ತಬೋಳ" ಎಂದ.

ಮುನಿವೆಂಕಟಮ್ಮ ಅವನ ಗಲ್ಲ ಮುಟ್ಟಿ ನೆಟಿಗೆ ತೆಗೆದಳು. "ಅಯ್ಯೋ ನನ್ನಪ್ಪನೇ, ಇವನು ಕಣ್ರೇ ತಿಳಿದೋನು! ಎತ್ತೋಳಿಗೆ ಒಟ್ಟೆ ನೋವಿಗೆ ಕೊಡಾದೇ ಬೋಳ. ಯಾವ ತಾಯಿ ಮಗನಪ್ಪಾ ನೀನು? ಬಾ ಒಳೀಕೆ."

ಒಂದು ನಿಜ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಮಕ್ಕಳ ಬಾಯಲ್ಲಿ ರಕ್ತಬೋಳ ಎಂದು ಹೇಳಿಸಿದ ನನಗೆ ಅದು ಏನು, ಯಾಕೆ ಎಂದು ಒಂದು ದಿನವೂ ಗೊತ್ತಿರಲಿಲ್ಲ. ಯಾವ ಮಗುವಾದರೂ ಕೇಳಿದರೆ "ಅದು ಪವಿತ್ರವಾದದ್ದು, ಸುಮ್ಮನೆ ಕೂತ್ಕೋ" ಎನ್ನುತ್ತಿದ್ದೆ. ವೇದಿಕೆಯ ಮುಂದೆ ಊರಿನ ಹೆಂಗಸರೆಲ್ಲ ಎದ್ದು ನಿಂತಿದ್ದರು. ಯಾರೋ ಕಣ್ಣು ಒರೆಸಿಕೊಳ್ಳುತ್ತಿದ್ದರು. ಯೋಸೇಫ ಚೊಂಬಿನಲ್ಲಿ ನಿಜವಾದ ಬಿಸಿನೀರು ಹಿಡಿದು, ಕೈ ಸುಡುತ್ತಿದ್ದರೂ ಬಿಡದೆ, ಓಡಿ ಬಂದ. ಚಪ್ಪಾಳೆಯೋ ಚಪ್ಪಾಳೆ.

ತೀರ್ಪುಗಾರ ಮೇಡಂ ವೇದಿಕೆಗೆ ಬಂದರು. "ನಾನ್ ಎಷ್ಟೋ ಕ್ರಿಸ್ಮಸ್ ನಾಟಕ ಪಾತ್ತಿರ್ಕೇನ್, ನೋಡಿದೀನಿ," ಎಂದು ಅರ್ಧ ತಮಿಳಿನಲ್ಲಿ ಶುರುಮಾಡಿ, "ಮರಿಯಮ್ಮನಿಗೆ ಬಾಣಂತನ ಮಾಡಿದ ನಾಟಕ ಇದೊಂದೇ. ಈ ಅಜ್ಜಿ ಪಾತ್ರ ಸೇರಿಸೋ ಯೋಚನೆ ಯಾರದು? ನಾನು ನೋಡಬೇಕಿದ್ದ ಕೊನೇ ಶಾಲೆ ನಿಮ್ಮದೇ, ಶೀಲ್ಡೂ ನಿಮ್ಮದೇ," ಎಂದರು.

ಸತ್ಯ ಹೇಳಲು ನನಗೆ ಸಮಯವಿತ್ತು. ನಾನು ಮೈಕು ಹಿಡಿದುಕೊಂಡೆ. ಗ್ರಾಮೀಣ ಬಾಣಂತನದ ಬಗ್ಗೆ ಹಲವು ವರ್ಷ ಆಳವಾಗಿ ಅಧ್ಯಯನ ಮಾಡಿದ್ದೇನೆ ಎಂದೆ. ಬಾಣಂತನ ಒಂದು ಶಾಸ್ತ್ರ, ಒಂದು ತಪಸ್ಸು ಎಂದೆ. ಮುನಿವೆಂಕಟಮ್ಮನಿಗೆ ಒಂದು ತಿಂಗಳು ತರಬೇತಿ ಕೊಟ್ಟೆ ಎಂದೂ ಹೇಳಿರಬೇಕು. ಆವೇಶದಲ್ಲಿ ಸರಿಯಾಗಿ ನೆನಪಿಲ್ಲ. ಪುಣ್ಯಕ್ಕೆ ಅವಳು ಆಗ ಯೋಸೇಫನ ಅಂಗೈಗೆ ಎಣ್ಣೆ ಹಚ್ಚುವುದರಲ್ಲಿ ಮುಳುಗಿದ್ದಳು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಮಾತ್ರ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು.

ಮನೆಗೆ ಬಂದ ಮೇಲೆ ಮುದ್ದೆ ಬಡಿಸುತ್ತ ಕೇಳಿದಳು: "ನಮ್ಮ ಮಗಳು ಹುಟ್ಟಿದ ವಾರ ನೀವು ಎಲ್ಲಿದ್ರಿ, ನೆನಪೈತಾ?"

ನೆನಪಿತ್ತು. ಅದೂ ಡಿಸೆಂಬರೇ. ನಾನು ಶಾಲೆಯಲ್ಲಿ ನಾಟಕದ ತಾಲೀಮು ಮಾಡಿಸುತ್ತಿದ್ದೆ. ಮಗುವಿನ ಮುಖ ನೋಡಿದ್ದು ನಾಲ್ಕನೇ ದಿನ. ಮುದ್ದೆ ಮುರಿದೆ.

"ಫೆಬ್ರವರೀಲಿ ಆ ಮಗಳೇ ಹೆರಿಗೆಗೆ ಬತ್ತಾಳೆ. ನನಗೂ ಮಂಡಿ ನೋವು. ಅಷ್ಟೊಂದು ಅಧ್ಯಯನ ಮಾಡಿದೋರು, ಬಾಣಂತನ ನೀವೇ ಮಾಡಿ," ಎಂದು ಹೇಳಿ ಸಾರಿನ ಪಾತ್ರೆ ಒಳಗಿಟ್ಟಳು. ತಮಾಷೆಗೆ ಹೇಳಿದಳೆಂದು ಮೂರು ದಿನ ಕಾದೆ. ತಮಾಷೆಯಲ್ಲ.

ಈಗ ದಿನಾ ಶಾಲೆ ಬಿಟ್ಟ ಮೇಲೆ ಮುನಿವೆಂಕಟಮ್ಮನ ಜಗಲಿಯಲ್ಲಿ ಕಾಲು ಚಾಚಿ ಕೂತು, ಶಾಲೆಯ ಆ ಗೊಂಬೆಗೇ ಎಣ್ಣೆ ತಿಕ್ಕಿ ನೀರು ಹಾಕುವುದನ್ನು ಕಲಿಯುತ್ತಿದ್ದೇನೆ. ಡೈರಿಗೆ ಹೋಗುವವರೆಲ್ಲ ಕ್ಯಾನು ಇಳಿಸಿ ನಿಂತು ನೋಡಿ ಹೋಗುತ್ತಾರೆ. ನಿನ್ನೆ ಗೊಂಬೆ ಮೂರನೇ ಸಲ ಕೈಜಾರಿ ಬಿದ್ದಾಗ ಮುನಿವೆಂಕಟಮ್ಮ ಅದನ್ನು ಎತ್ತಿಕೊಂಡು, "ಮೇಷ್ಟ್ರೇ, ಬೇಜಾರು ಮಾಡ್ಕಬ್ಯಾಡಿ. ನೀವು ಬಿಸ್ನೀರು ತರಾದನ್ನ ಮೊದ್ಲು ಕಲೀರಿ," ಎಂದಳು.