ಅತ್ತೆಯ ಕುಕ್ಕರ್, ಮಾವನ ಗ್ಯಾಸ್ ಬಾವಿ ನೀರು

ಇಡೀ ಆರ್.ಟಿ. ನಗರದಲ್ಲಿ ಕೊಳಕು ನೀರನ್ನು ಪ್ರೀತಿಸಿದ ಏಕೈಕ ಜಂಟಲ್‌ಮನ್ ನನ್ನ ಸೋದರಮಾವ! ನಂಬಿಕೆ ಬರಲಿಲ್ಲವೇ? ಎಪ್ಪತ್ತರ ದಶಕದಲ್ಲಿ ಅವರು ಗುಜರಾತಿನ ಕಡೆ ನೈಸರ್ಗಿಕ ಅನಿಲಕ್ಕೆ ಬಾವಿ ಕೊರೆಯುವ ಕಂಪನಿಯಲ್ಲಿ ಕೆಮಿಸ್ಟ್. ರಜೆಗೆ ಬಂದರೆ, ಯಶವಂತಪುರ ಸ್ಟೇಷನ್ನಿನಲ್ಲಿ ಪೇಡೆಯ ಆಸೆಯಿಂದ ಕಾದ ನಮ್ಮೆದುರು ಇಳಿಯುತ್ತಿದ್ದದ್ದು ಕ್ಯಾನುಗಳು! ಒಳಗೆ, ಗ್ಯಾಸ್ ಬಾವಿಯಿಂದ ಹೊರಬಂದ ಉಪ್ಪು, ಕೆಸರು, ಜಿಡ್ಡಿನ ನೀರು.

ಈ ನೀರಿನ ಹಟಕ್ಕೆ ಕಾರಣವಿತ್ತು. ಕೊರೆಯುವ ಕೆಲಸಕ್ಕೆ ಪಕ್ಕದ ಹಳ್ಳಿಯ ಒಂದೇ ಒಂದು ಸಿಹಿನೀರ ಬಾವಿಯನ್ನು ಟ್ಯಾಂಕರುಗಳು ಬರಿದು ಮಾಡುತ್ತಿದ್ದವು. ಹೆಂಗಸರು ಖಾಲಿ ಕೊಡ ಹಿಡಿದು ನಿಂತಿರುತ್ತಿದ್ದರಂತೆ.

“ಈ ಕೊಳಕು ನೀರನ್ನೇ ಸಿಹಿ ಮಾಡಿ ಅವರಿಗೆ ಕೊಡ್ತೀನಿ, ನೋಡ್ತಿರು!” ಎಂದು ಮಾವ ಅತ್ತೆಗೆ ಸವಾಲು ಹಾಕಿದ್ದರು.

ಹಿತ್ತಲಲ್ಲಿ ಡ್ರಮ್ಮು, ಮರಳು, ಇದ್ದಿಲು, ಪಟಿಕ. ಎದುರುಮನೆಯ ಖಾಲಾ ಮೂಗಿಗೆ ಸೆರಗು ಹಿಡಿದು, “ಏನ್ ಭಾಯಿ, ಅತ್ತರ್ ಮಾಡ್ತಿದ್ದೀರಾ?” ಎನ್ನುತ್ತಿದ್ದರು. ಕೆಸರು ಕೂತಿತು, ಜಿಡ್ಡು ಹೋಯಿತು. ಉಪ್ಪು? ಜಪ್ಪಯ್ಯ ಅನ್ನಲಿಲ್ಲ! ಆಗ ಅತ್ತೆಯ ಪ್ರೆಷರ್ ಕುಕ್ಕರಿಗೆ ರಬ್ಬರ್ ಪೈಪು ಸಿಕ್ಕಿಸಿ ಆವಿ ಹಿಡಿಯತೊಡಗಿದರು. ಇಡೀ ದಿನ ಸ್ಟವ್ ಉರಿದು ಮಾವನಿಗೆ ಸಿಕ್ಕಿದ್ದು ಒಂದು ಚೊಂಬು ನೀರು, ನಮಗೆ ಸಿಕ್ಕಿದ್ದು ಬೇಯದ ಬೇಳೆಯ ಸಾರು.

“ಚೊಂಬಲ್ಲಿ ಊರಿಗೆಲ್ಲ ಕುಡಿಸ್ತೀರಾ? ಬಂದ ದಾರೀಲೇ ವಾಪಸ್ ಕಳಿಸ್ರೀ ಆ ನೀರನ್ನ! ನನ್ನ ಕುಕ್ಕರ್ ಕೊಡ್ರೀ!” ಎಂದು ಅತ್ತೆ ಕೂಗಿದರು.

ಮಾವ ಪೈಪು ಹಿಡಿದೇ ಅತ್ತೆಯತ್ತ ತಿರುಗಿದರು.

“ಕರೆಕ್ಟ್ ಕಣೇ! ಮುಂದಿನ ಗ್ಯಾಸ್ ಬಾವಿ ಕೊರೆಯೋಕೆ ಇದನ್ನೇ ಹಾಕಿದ್ರೆ ಟ್ಯಾಂಕರೇ ಬೇಡ! ಉಪ್ಪು ಜಾಸ್ತಿಯಾಯ್ತು ಅಂತ ನೆಲ ಏನು ಕಂಪ್ಲೇಂಟ್ ಮಾಡುತ್ತಾ?”

ಮೇಲಧಿಕಾರಿಗಳು ನಕ್ಕರು. ಮಾವ ನಗಲೂ ಇಲ್ಲ, ಬಿಡಲೂ ಇಲ್ಲ. ಪ್ರತಿ ರಜೆಯಲ್ಲೂ ಅದೇ ಹಿತ್ತಲು, ಅದೇ ನಾತ! ಕೂದಲು ನರೆಯಿತು, ಹಟ ಮಾತ್ರ ಎವರ್‌ಗ್ರೀನ್. ಕೊನೆಗೆ ಎಂಬತ್ತರ ದಶಕದಲ್ಲಿ ಒಂದೇ ಒಂದು ಗ್ಯಾಸ್ ಬಾವಿಯನ್ನು ಆ ಉಪ್ಪುನೀರಿನಲ್ಲೇ ಕೊರೆಯಲು ಅನುಮತಿ ಸಿಕ್ಕಿತು. ಅತ್ತೆಯನ್ನೂ ಕರೆದೊಯ್ದರು. ಹನಿಮೂನಿಗೆ ನಂದಿಬೆಟ್ಟಕ್ಕೂ ಕರೆದೊಯ್ಯದ ಮಹಾನುಭಾವ!

ಮರಳಿದ ಅತ್ತೆಯನ್ನು ಪೀಡಿಸಿದೆ. “ವೆಲ್, ಏನಾಯ್ತು ಅತ್ತೆ?”

“ಕೊರೆಯೋ ಯಂತ್ರ ನಿಲ್ಲಲಿಲ್ಲ ಕಣೇ. ಟ್ಯಾಂಕರ್ ಹಳ್ಳಿ ಕಡೆ ಬರಲೇ ಇಲ್ಲ. ಹೆಂಗಸರೆಲ್ಲ ಕೊಡ ತುಂಬ್ಕೊಂಡು ಹೋಗೋವರೆಗೂ ಇವರು ಬಾವಿಕಟ್ಟೆ ಹತ್ರ ನಿಂತೇ ಇದ್ರು. ಆಮೇಲೆ ತಾವೇ ನೀರು ಸೇದಿದ್ರು...”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ಸೇದಿ?”

“‘ಬಾಯಾರಿದ್ಯೇನೇ? ಬೊಗಸೆ ಹಿಡಿ’ ಅಂದ್ರು. ಮದುವೆಯಾದಾಗಿಂದ ಅದೇ ಮೊದಲನೇ ಸಲ ಕಣೇ, ನನ್ನನ್ನ ಹಾಗೆ ಕೇಳಿದ್ದು.”