ಲಾಗಣಕ್ಕೆ ತಂದ ಲಾಗರ್

ಈ ಸಲ ಬಿಯರ್ ಸಿಕ್ಕರೆ ನಾಮದೇವ ಕುಡಿಯುವುದಿಲ್ಲ, ಪರೀಕ್ಷಿಸುತ್ತಾನೆ! ಹಾಗೆಂದು ಬೇಡಕಿಹಾಳದ ತನ್ನ ಮನೆಯ ಕನ್ನಡಿಯ ಮುಂದೆ ನಿಂತು ಅವನೇ ಘೋಷಿಸಿದ. ಓದಿದ್ದು ರಸಾಯನಶಾಸ್ತ್ರ, ನೌಕರಿ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಅಂಥವನು ಗಟಗಟ ಕುಡಿದರೆ ವಿಜ್ಞಾನಕ್ಕೇ ಅವಮಾನ! ಮೊದಲು ಬಣ್ಣ, ಆಮೇಲೆ ನೊರೆ, ಆಮೇಲೆ ವಾಸನೆ, ಕಟ್ಟಕಡೆಗೆ ನಾಲಿಗೆ.

ಇದರ ಹಿಂದೆ ಒಂದು ವಿರಹದ ಕತೆಯಿತ್ತು. ಕೆಲ ವರ್ಷಗಳ ಹಿಂದೆ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಜರ್ಮನ್ ಮೆಕ್ಯಾನಿಕ್ ಒಬ್ಬ ಹೊರಡುವ ಮುನ್ನ ತನ್ನ ಗ್ಲಾಸಿನಿಂದ ಎರಡೇ ಗುಟುಕು ಕಪ್ಪು ಬಿಯರ್ ಕೊಟ್ಟು, ‘ಡಾರ್ಕ್ ಲಾಗರ್’ ಎಂದು ಹೆಸರನ್ನೂ ಹೇಳಿದ್ದ. ಮೆಕ್ಯಾನಿಕ್ ಹೋದ. ರುಚಿಯೂ ಹೋಯಿತು. ಹೇಗಿತ್ತೆಂಬುದು ಪೂರ್ತಿ ಮರೆತು, ಚೆನ್ನಾಗಿತ್ತೆಂಬುದಷ್ಟೇ ಉಳಿಯಿತು. ಅಂದಿನಿಂದ ನಾಮದೇವ ಕಂಡಕಂಡ ಕಂದು ದ್ರವವನ್ನೆಲ್ಲ ಬೆಳಕಿಗೆ ಹಿಡಿದು ನಿಟ್ಟುಸಿರಿಡುತ್ತಿದ್ದ. ಕರಿ ಚಹಾ, ಕಾಕವಿ, ಕೆಮ್ಮಿನ ಔಷಧ, ಯಾವುದನ್ನೂ ಬಿಡಲಿಲ್ಲ! ನಿಪ್ಪಾಣಿಯ ಅಂಗಡಿಯವನು, “ಬಿಯರ್ ಕರ್ರಗ ಆಗಿದ್ರ ಕೆಟ್ಟಿರ್ತೈತ್ರಿ, ಸಾಹೇಬ್ರ” ಎಂದು ಬುದ್ಧಿ ಹೇಳಿ ಕಳಿಸಿದ್ದ.

ಕೊನೆಗೊಂದು ದಿನ ಗೆಳೆಯ ಸಂಗ್ರಾಮ ಪುಣೆಯಿಂದ ಫೋನು ಮಾಡಿದ. ಊಟದ ಹೊತ್ತು, ಕೈ ಎಂಜಲಾದ್ದರಿಂದ ಫೋನು ಸ್ಪೀಕರಿನಲ್ಲಿತ್ತು.

“ಲೇ ನಾಮ್ಯಾ, ನಿನ್ನ ಲಾಗರ್ ಸಿಕ್ತಲೇ! ಒಂದ ಬಾಟ್ಲಿ ಇತ್ತು, ಹಿಡಕೊಂಡ ಬರಾಕತ್ತೀನಿ!”

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮನಿಷಾಳ ಕೈ ನಿಂತಿತು. “ಏನ್ರಿ ಅದು? ಸಂಗ್ರಾಮಣ್ಣಾರು ನಮ್ಮ ಲಾಗಣಕ್ಕ ಏನರ ತರಾಕತ್ತಾರೇನ್ರಿ?”

ಲಾಗಣವೆಂದರೆ ಹೊಸದಾಗಿ ನೆಟ್ಟ ಕಬ್ಬು. ಮನೆಯ ಹಿಂದೆಯೇ ಅವರದೂ ಒಂದು ತುಂಡು ಹೊಲವಿತ್ತು. ಇಂಥ ಸುಳ್ಳನ್ನು ದೇವರೇ ಬಾಯಿಗೆ ತಂದಿಟ್ಟ ಮೇಲೆ ಬೇಡವೆನ್ನಲು ನಾಮದೇವ ಯಾರು!

“ಹೂಂ, ಲಾಗಣದ ಟಾನಿಕ್. ಧಾನ್ಯ ಕೊಳಿಸಿ ಮಾಡಿದ್ದು. ಪೂರಾ ಸಾವಯವ!”

“ವಿಷ ಅಲ್ಲಲ್ರಿ?”

“ಛೇ ಛೇ! ಆದ್ರ ಫ್ರಿಜ್ಜಿನ್ಯಾಗ ಇಡಬೇಕು.”

“ಕಬ್ಬಿಗಿ ಥಂಡಿ ಆಗೂದಿಲ್ಲೇನ್ರಿ?”

ವಿಜ್ಞಾನಿ ಅರ್ಧ ರೊಟ್ಟಿಯನ್ನು ಒಮ್ಮೆಗೇ ಬಾಯಿಗೆ ತುರುಕಿಕೊಂಡ.

ಬಾಟಲಿ ಬಂತು. ನಾಮದೇವ ಅದರ ಚೀಟಿಯನ್ನು ನೆನೆಸಿ ಕಿತ್ತು, ಮೊಸರಿನ ಪಾತ್ರೆಯ ಪಕ್ಕ ಮಗುವಿನಂತೆ ಮಲಗಿಸಿದ. ಮರುದಿನ ಕಾರ್ಖಾನೆಯಲ್ಲಿ ಸಕ್ಕರೆಯ ಪ್ರತಿಯೊಂದು ಸ್ಯಾಂಪಲ್ಲಿನಲ್ಲೂ ಅದೇ ಕಾಣುತ್ತಿತ್ತು. ಸಂಜೆ ಉಷ್ಣಮಾಪಕವನ್ನೂ ಹುರಿದ ಶೇಂಗಾವನ್ನೂ ಹಿಡಿದು ಮನೆಗೆ ಓಡಿಬಂದು ಫ್ರಿಜ್ ತೆರೆದರೆ, ಮೊಸರು ಒಂಟಿಯಾಗಿತ್ತು!

“ಮನಿಷಾ! ಬಾಟ್ಲಿ ಎಲ್ಲಿ?”

“ಲಾಗಣಕ್ಕ ಕೊಟ್ಟೆನ್ರಿ. ಇವತ್ತ ನೀರ ಹಾಯ್ಸೂ ಪಾಳಿ ಇತ್ತಲ್ರಿ.”

ನಾಮದೇವ ಹೊಲಕ್ಕೆ ಓಡಿದ. ಒದ್ದೆ ಸಾಲಿನಲ್ಲಿ ಮೊಣಕಾಲೂರಿ, ಮಣ್ಣಿಗೆ ಮೂಗು ಹಚ್ಚಿ ಮೂಸಿದ. ಬರೀ ಕೆಸರು. ಪಕ್ಕದ ಹೊಲದ ದಶರಥ ಬದುವಿನ ಮೇಲಿಂದ ಕೂಗಿದ:

“ಏನ್ರಿ ಸಾಹೇಬ್ರ, ಹುಳ ಬಿದ್ದಾವೇನು?”

“ನನ್ನ ಜೀವ ಬಿದ್ದೈತೋ ದಶರಥ!”

ಕೆಸರಾದ ಮೊಣಕಾಲುಗಳೊಂದಿಗೆ ಬಂದು ನಾಮದೇವ ಹೊಸ್ತಿಲ ಮೇಲೆ ಕುಸಿದ. “ಮನಿಷಾ, ಅದು ಟಾನಿಕ್ ಅಲ್ಲ. ಬಿಯರ್.”

“ಗೊತ್ತಾತ್ರಿ. ಮುಚ್ಚಳ ತಗದ ಕೂಡ್ಲೆ ನೊರಿ ಮಾರಿಗಿ ಹಾರ್ತು. ತುಟಿಗಿ ಹತ್ತಿತು.”

ಬೈಯಬೇಕೆಂದು ತೆರೆದ ಬಾಯಿಂದ ಬೇರೆಯೇ ಮಾತು ಬಂತು. “ರುಚಿ... ಹೆಂಗಿತ್ತ?”

ಮನಿಷಾ ಯೋಚಿಸಿದಳು. “ಮದಲಿಗೆ ರೊಟ್ಟಿ ತುದಿ ಕರಕಲಾಗಿರ್ತೈತಲ್ರಿ, ಹಂಗ. ಆಮ್ಯಾಗ ಕಾಕವಿ ತಳ ಹತ್ತಿದ ವಾಸನಿ. ಆದ್ರ ಸಿಹಿ ಇಲ್ರಿ. ಸಿಹಿ ಬರೂವಂಗ ಮಾಡಿ, ಬಾಗಲದಾಗಿಂದನ ಹೊಳ್ಳಿ ಹೋಕ್ಕೈತಿ.”

ನಾಮದೇವ ಕಣ್ಣು ಮುಚ್ಚಿದ. ಹೌದು, ಅದೇ! ವರ್ಷಗಟ್ಟಲೆ ಕಾದ ರುಚಿ ನಾಲಿಗೆಯ ಅಂಚಿಗೆ ಬಂದು ನಿಂತಿತ್ತು.

“ಆಮ್ಯಾಗ?”

“ಸಣ್ಣಂಗ ಕಹಿ. ಮೆಂತ್ಯಾ ಹುರದಂಗ.”

“ಆಮ್ಯಾಗ?”

“ತಳಕ್ಕ ಹೋದಂಗ ಥಂಡಿ ಇಳದು ಮತ್ತಷ್ಟ ಚಲೋ ಆಗ್ತೈತ್ರಿ.”

ನಾಮದೇವ ಮೆಲ್ಲನೆ ಕಣ್ಣು ತೆರೆದ. ತುಟಿಗೆ ಹತ್ತಿದ ನೊರೆಗೆ ತಳ ಎಲ್ಲಿಂದ ಬಂತು?

“ಮನಿಷಾ... ಲಾಗಣಕ್ಕ ಏನ್ ಕೊಟ್ಟಿ?”

“ಬಾಟ್ಲಿ ತೊಳದ ನೀರ್ರಿ.”